ಮಳೆಗಾಲದಲ್ಲಿ ಕೆಲಸಕ್ಕೆ ವಾಪಸ್: ಕರೆಂಟಿಲ್ಲದ ದಿನ ಎದೆಹಾಲು, ಒಣಗದ ಬಟ್ಟೆ, ಮಗುವಿನ ಊಟ

ಹಾರಂಗಿ (ಕುಶಾಲನಗರ)

ಎಲ್ಲರಿಗೂ ನಮಸ್ಕಾರ. ಜೂನ್ ಕೊನೆಗೆ ಹೆರಿಗೆ ರಜೆ ಮುಗಿಯುತ್ತದೆ. ಮಗುವಿಗೆ ಆಗ ಐದೂವರೆ ತಿಂಗಳು, ಈವರೆಗೆ ಎದೆಹಾಲು ಮಾತ್ರ. ಕೆಲಸ ಮಡಿಕೇರಿಯಲ್ಲಿ. ಬೆಳಿಗ್ಗೆ ಎಂಟಕ್ಕೆ ಮನೆ ಬಿಟ್ಟರೆ ವಾಪಸ್ ಬರುವುದು ಸಂಜೆ ಆರೂವರೆಗೆ. ಮನೆಯಲ್ಲಿ ಅತ್ತೆ ನೋಡಿಕೊಳ್ಳುತ್ತಾರೆ. ಸಿಂಗಲ್ ಡೋರ್ ಫ್ರಿಜ್ ಇದೆ, ಇನ್ವರ್ಟರ್‌ಗೆ ಲೈಟು, ಫ್ಯಾನು ಮಾತ್ರ.

ದಿನಕ್ಕೆ ಎಷ್ಟು ಹಾಲು ತೆಗೆದಿಟ್ಟು ಹೋಗಬೇಕು? ಕರೆಂಟು ಹೋದರೆ ಹಾಲು ಎಷ್ಟು ಹೊತ್ತು ತಡೆಯುತ್ತದೆ? ಬಟ್ಟೆ ಒಣಗಿಸುವುದು ಹೇಗೆ? ಆಫೀಸಿನಲ್ಲಿ ಹಾಲು ತೆಗೆಯಲು ಸಮಯ ಕೇಳುವ ಹಕ್ಕು ಇದೆಯೇ? ಗೊತ್ತಿದ್ದವರು ದಯವಿಟ್ಟು ವಿವರವಾಗಿ ತಿಳಿಸಿ.

ಸಂಪಿಗೆ (ಮಡಿಕೇರಿ)

ಹಾಲಿನ ಲೆಕ್ಕದಿಂದ ಶುರು ಮಾಡೋಣ. ಒಂದು ತಿಂಗಳಿಂದ ಆರು ತಿಂಗಳವರೆಗೆ ಎದೆಹಾಲು ಮಾತ್ರ ಕುಡಿಯುವ ಮಗು ದಿನಕ್ಕೆ ಸರಾಸರಿ 750 ಮಿ.ಲೀ. ಆಸುಪಾಸು ಕುಡಿಯುತ್ತದೆ. ಮಗು ಬೆಳೆದಂತೆ ಇದು ಏರುತ್ತಾ ಹೋಗುವುದಿಲ್ಲ, ಹೆಚ್ಚುಕಡಿಮೆ ಅಲ್ಲಿಯೇ ನಿಲ್ಲುತ್ತದೆ. ತಾಯಿ ದೂರ ಇರುವ ಪ್ರತಿ ಗಂಟೆಗೆ 30ರಿಂದ 40 ಮಿ.ಲೀ. ಅಂತ ಹಿಡಿಯಿರಿ. ನಿಮ್ಮದು ಹತ್ತೂವರೆ ಗಂಟೆ, ಅಂದರೆ 315ರಿಂದ 420 ಮಿ.ಲೀ. ಒಂದು ಸಲಕ್ಕೆ 60ರಿಂದ 90 ಮಿ.ಲೀ. ಸಾಕು. 150 ಮಿ.ಲೀ. ಬಾಟಲಿ ತುಂಬಿಟ್ಟರೆ ಮಗು ಅರ್ಧ ಕುಡಿದು ಬಿಡುತ್ತದೆ. ಬಾಯಿ ತಾಗಿದ ಹಾಲನ್ನು ಎರಡು ಗಂಟೆಯೊಳಗೆ ಮುಗಿಸದಿದ್ದರೆ ಚೆಲ್ಲಬೇಕು. ಅದಕ್ಕೇ 60 ಮಿ.ಲೀ.ಯಂತೆ ಬೇರೆ ಬೇರೆ ಇಡಿ.

ಕೆಲಸಕ್ಕೆ ಹೋಗುವ ಮೂರು ವಾರ ಮೊದಲು ಶುರು ಮಾಡಿದರೆ ಸಾಕು. ಬೆಳಗಿನ ಮೊದಲ ಹಾಲೂಡಿಕೆ ಆದ ಮೇಲೆ ಅರ್ಧ ಗಂಟೆ ಬಿಟ್ಟು ಇನ್ನೊಂದು ಬದಿಯಿಂದ ತೆಗೆಯಿರಿ. ಮುಂಜಾನೆ ಹಾಲು ಹೆಚ್ಚಿರುತ್ತದೆ. ಮೊದಲ ದಿನಗಳಲ್ಲಿ 20-30 ಮಿ.ಲೀ. ಮಾತ್ರ ಬಂದರೆ ಹಾಲು ಕಡಿಮೆ ಅಂತ ಅರ್ಥವಲ್ಲ. ಮಗುವಿಗೆ ಸಾಕಾಗುತ್ತಿದೆಯೇ ಅನ್ನುವುದಕ್ಕೆ ಅಳತೆ ಬೇರೆ: 24 ಗಂಟೆಯಲ್ಲಿ ಆರಕ್ಕಿಂತ ಹೆಚ್ಚು ಸಲ ಚೆನ್ನಾಗಿ ಮೂತ್ರ, ಮತ್ತು ತಾಯಿ ಕಾರ್ಡ್‌ನ ತೂಕದ ಗೆರೆ ಮೇಲಕ್ಕೆ ಹೋಗುತ್ತಿರುವುದು.

ಕೈಯಿಂದ ಹಾಲು ತೆಗೆಯುವುದನ್ನು ಎಲ್ಲರೂ ಕಲಿತಿರಬೇಕು. ಪಂಪ್ ಕೆಟ್ಟ ದಿನ, ಚಾರ್ಜ್ ಇಲ್ಲದ ದಿನ ಅದೇ ದಾರಿ. ಕೈ ಸೋಪಿನಲ್ಲಿ ತೊಳೆಯಿರಿ. ಬಿಸಿನೀರಿನಲ್ಲಿ ಅದ್ದಿ ಹಿಂಡಿದ ಬಟ್ಟೆಯನ್ನು ಎರಡು ನಿಮಿಷ ಎದೆಯ ಮೇಲಿಡಿ, ಆಮೇಲೆ ಬೆರಳ ತುದಿಯಿಂದ ಮೆಲ್ಲಗೆ ನೀವಿ. ಹೆಬ್ಬೆರಳು ಮೇಲೆ, ತೋರುಬೆರಳು ಕೆಳಗೆ, ತೊಟ್ಟಿನಿಂದ ಎರಡು-ಮೂರು ಸೆಂ.ಮೀ. ಹಿಂದೆ. ಮೊದಲು ಎರಡೂ ಬೆರಳನ್ನು ನೇರವಾಗಿ ಎದೆಗೂಡಿನ ಕಡೆಗೆ ಒತ್ತಿ, ಆಮೇಲೆ ಒಂದಕ್ಕೊಂದು ಸೇರುವಂತೆ ಒತ್ತಿ, ಬಿಡಿ. ಒತ್ತು, ಹಿಂಡು, ಬಿಡು, ಅಷ್ಟೇ. ಬೆರಳು ಚರ್ಮದ ಮೇಲೆ ಜಾರಬಾರದು, ತೊಟ್ಟನ್ನು ಎಳೆಯಬಾರದು. ಮೊದಲ ಒಂದೆರಡು ನಿಮಿಷ ಹನಿ ಮಾತ್ರ ಬರುತ್ತದೆ, ಹೆಚ್ಚಿನವರು ಅಲ್ಲಿಗೇ ಬಿಟ್ಟುಬಿಡುತ್ತಾರೆ. ಇಳಿಯಲು ಶುರುವಾದರೆ ಸಣ್ಣ ಧಾರೆಯಾಗಿ ಚಿಮ್ಮುತ್ತದೆ. ಧಾರೆ ನಿಂತಾಗ ಬೆರಳಿನ ಜಾಗ ಬದಲಿಸಿ, ಗಡಿಯಾರದ ಮುಳ್ಳಿನಂತೆ ಸುತ್ತ ಹೋಗಿ. ನೋವಾದರೆ ಬೆರಳಿನ ಜಾಗ ತಪ್ಪಿದೆ ಅಂತ.

ಗದ್ದೆಬದು (ನಾಪೋಕ್ಲು)

ಸಂಪಿಗೆ ಅಕ್ಕ, ಪಂಪ್ ತಗೊಂಡವರಿಗೆ ಒಂದು ಪ್ರಶ್ನೆ. ಮೊದಲು ಚೆನ್ನಾಗಿ ಎಳೆಯುತ್ತಿದ್ದ ಪಂಪ್ ಎರಡು ತಿಂಗಳಲ್ಲಿ ಎಳೆತ ಕಡಿಮೆ ಮಾಡಿದೆ. ಮೋಟರ್ ಹೋಯಿತಾ?

ಸಂಪಿಗೆ (ಮಡಿಕೇರಿ)

ಹೆಚ್ಚಿನ ಸಲ ಮೋಟರ್ ಅಲ್ಲ, ವಾಲ್ವ್. ಬಾಟಲಿಯ ಬಾಯಿಯ ಮೇಲೆ ಬಾತುಕೋಳಿ ಕೊಕ್ಕಿನ ಹಾಗೆ ಮೆತ್ತನೆಯ ಸಿಲಿಕೋನ್ ತುಂಡು ಇರುತ್ತದೆ ನೋಡಿ, ಅದರ ತುದಿಯ ಸೀಳು ಮುಚ್ಚಿಕೊಂಡಿರಬೇಕು. ಬೆಳಕಿಗೆ ಹಿಡಿದಾಗ ಸೀಳಿನಲ್ಲಿ ಬೆಳಕು ಕಂಡರೆ ಸವೆದಿದೆ ಅಂತ. ಬ್ರಷ್‌ನಿಂದ ಉಜ್ಜಿದರೆ ಬೇಗ ಹರಿಯುತ್ತದೆ, ಬೆರಳಿನಿಂದಲೇ ತೊಳೆಯಿರಿ. ದಿನಾ ಮೂರು ಸಲ ಬಳಸುವವರು ಒಂದೆರಡು ತಿಂಗಳಿಗೊಮ್ಮೆ ಬದಲಿಸಬೇಕಾಗುತ್ತದೆ. ಮಳೆಗಾಲದಲ್ಲಿ ಕೊರಿಯರ್ ತಡವಾಗುವುದರಿಂದ ಎರಡು ಹೆಚ್ಚುವರಿ ತರಿಸಿಡಿ.

ಎದೆಗೆ ಹಿಡಿಯುವ ಕೊಳವೆಯ ಅಳತೆಯನ್ನೂ ನೋಡಿ. ತೊಟ್ಟಿನ ಬುಡದ ಅಗಲ ಅಳೆದು ಎರಡರಿಂದ ನಾಲ್ಕು ಮಿ.ಮೀ. ಸೇರಿಸಿದರೆ ಸರಿಯಾದ ಅಳತೆ ಸಿಗುತ್ತದೆ. ಡಬ್ಬಿಯಲ್ಲಿ ಬರುವ ಕೊಳವೆ ಸಾಮಾನ್ಯವಾಗಿ 24 ಮಿ.ಮೀ., ತುಂಬಾ ಜನರಿಗೆ ಅದು ದೊಡ್ಡದು. ದೊಡ್ಡದಾದರೆ ತೊಟ್ಟಿನ ಸುತ್ತಲಿನ ಕಪ್ಪು ಭಾಗ ಒಳಗೆ ಎಳೆದುಕೊಂಡು ಊದುತ್ತದೆ, ಹಾಲೂ ಬರುವುದಿಲ್ಲ.

ನಮ್ಮ ಹವೆಗೆ ಇನ್ನೊಂದು ಮುಖ್ಯ ವಿಷಯ: ಗಾಳಿಯ ಟ್ಯೂಬಿನೊಳಗೆ ಹನಿ ನಿಂತರೆ ಜುಲೈನಲ್ಲಿ ವಾರದೊಳಗೆ ಬೂಸಲು. ಹಾಲು ತೆಗೆದಾದ ಮೇಲೆ ಟ್ಯೂಬನ್ನು ಪಂಪಿಗೆ ಸಿಕ್ಕಿಸಿಯೇ ಎರಡು ನಿಮಿಷ ಖಾಲಿ ಓಡಿಸಿ, ಒಣಗುತ್ತದೆ. ಒಳಗೆ ಕಪ್ಪು ಚುಕ್ಕೆ ಬಂದರೆ ತೊಳೆಯಲು ಹೋಗಬೇಡಿ, ಬಿಸಾಡಿ. ಹಾಲು ತಾಗುವ ಭಾಗಗಳನ್ನು ಪ್ರತಿ ಸಲ ಸೋಪು ನೀರಿನಲ್ಲಿ ತೊಳೆದು, ದಿನಕ್ಕೊಮ್ಮೆ ಐದು ನಿಮಿಷ ಕುದಿಸಿ. ತೊಳೆಯಲು ಬೇರೆಯೇ ಪಾತ್ರೆ ಇಡಿ, ಅಡುಗೆಮನೆಯ ಸಿಂಕಿನಲ್ಲಿ ನೇರವಾಗಿ ಹಾಕಬೇಡಿ.

ಹಾರಂಗಿ (ಕುಶಾಲನಗರ)

ಅಕ್ಕ, ಇಡುವ ಅವಧಿ ಹೇಳಿಬಿಡಿ. ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ.

ಸಂಪಿಗೆ (ಮಡಿಕೇರಿ)

ಆಗಷ್ಟೇ ತೆಗೆದ ಹಾಲು 25 ಡಿಗ್ರಿಯವರೆಗಿನ ಕೋಣೆಯಲ್ಲಿ ನಾಲ್ಕು ಗಂಟೆ. ಮಳೆಗಾಲದಲ್ಲಿ ನಮ್ಮ ಮನೆಗಳು ಅದಕ್ಕಿಂತ ತಣ್ಣಗೇ ಇರುತ್ತವೆ, ಆದರೂ ನಾಲ್ಕು ಗಂಟೆಯ ಲೆಕ್ಕವನ್ನೇ ಇಟ್ಟುಕೊಳ್ಳಿ. ಅಡುಗೆಮನೆ ಒಲೆ ಪಕ್ಕ ಬೇಡ. ಫ್ರಿಜ್‌ನಲ್ಲಿ ನಾಲ್ಕು ದಿನ, ಒಳಗೆ ಹಿಂಬದಿಗೆ ತಾಗಿಸಿ ಇಟ್ಟರೆ. ಬಾಗಿಲಿನ ಅರೆಯಲ್ಲಿ ಬೇಡ, ಪ್ರತಿ ಸಲ ತೆರೆದಾಗ ಬಿಸಿ ತಾಗುತ್ತದೆ. ಸಿಂಗಲ್ ಡೋರ್ ಫ್ರಿಜ್ಜಿನ ಒಳಗಿರುವ ಐಸ್ ಪೆಟ್ಟಿಗೆಯಲ್ಲಿ ಎರಡು ವಾರ ಮಾತ್ರ. ಡಬಲ್ ಡೋರ್‌ನ ಬೇರೆ ಫ್ರೀಜರ್ ಆದರೆ ಆರು ತಿಂಗಳ ಒಳಗೆ ಬಳಸುವುದು ಒಳ್ಳೆಯದು. ಐಸ್ ಪ್ಯಾಕ್ ಇಟ್ಟ ಮುಚ್ಚಿದ ಬ್ಯಾಗಿನಲ್ಲಿ 24 ಗಂಟೆ. ಗಟ್ಟಿಯಾದ ಹಾಲನ್ನು ಫ್ರಿಜ್ಜಿಗೆ ಇಳಿಸಿದರೆ, ಪೂರ್ತಿ ಕರಗಿದ ಹೊತ್ತಿನಿಂದ 24 ಗಂಟೆಯೊಳಗೆ ಮುಗಿಸಬೇಕು.

ಬಿಸಿ ಮಾಡುವುದು ಬಿಸಿನೀರಿನ ಬಟ್ಟಲಿನಲ್ಲಿ ಬಾಟಲಿ ನಿಲ್ಲಿಸಿ. ಒಲೆಯ ಮೇಲೆ ನೇರವಾಗಿ ಬೇಡ, ಮೈಕ್ರೋವೇವ್ ಬೇಡವೇ ಬೇಡ: ಮೇಲೆ ಉಗುರು ಬೆಚ್ಚಗಿದ್ದು ಒಳಗೆ ಸುಡುವ ಜಾಗ ಉಳಿಯುತ್ತದೆ. ಕೆನೆ ಬೇರೆಯಾಗಿ ಮೇಲೆ ನಿಲ್ಲುವುದು ಸಹಜ, ಮೆಲ್ಲಗೆ ಸುತ್ತಿಸಿದರೆ ಸೇರುತ್ತದೆ. ಹಾಲಿಗೆ ಸೋಪಿನ ವಾಸನೆ ಬಂದಿದೆ ಅಂತ ಅಜ್ಜಿಯಂದಿರು ಚೆಲ್ಲಿಬಿಡುವುದುಂಟು. ಕೆಲವರ ಹಾಲಿನಲ್ಲಿ ಕೊಬ್ಬನ್ನು ಒಡೆಯುವ ಲೈಪೇಸ್ ಹೆಚ್ಚಿರುತ್ತದೆ, ಇಟ್ಟ ಮೇಲೆ ಆ ವಾಸನೆ ಬರುತ್ತದೆ. ಹಾಲು ಕೆಟ್ಟಿಲ್ಲ. ಮಗು ಒಪ್ಪದಿದ್ದರೆ ಮುಂದಿನ ಸಲ ತೆಗೆದ ಕೂಡಲೇ ಪಾತ್ರೆಯ ಅಂಚಿನಲ್ಲಿ ಸಣ್ಣ ಗುಳ್ಳೆ ಬರುವವರೆಗೆ ಬಿಸಿ ಮಾಡಿ, ಕುದಿಯಲು ಬಿಡದೆ, ತಣ್ಣೀರಿನಲ್ಲಿ ಆರಿಸಿ ಇಡಿ. ಹುಳಿ ವಾಸನೆ ಬಂದರೆ ಮಾತ್ರ ಕೆಟ್ಟದ್ದು.

ಅತ್ತೆಯವರಿಗೆ ಒಳಲೆಯಲ್ಲಿ (ಮೂತಿಯಿರುವ ಸಣ್ಣ ಬಟ್ಟಲು) ಕುಡಿಸಿ ಅಭ್ಯಾಸ ಇದ್ದರೆ ಬಾಟಲಿ ತರಲೇಬೇಡಿ. ಒಳಲೆ ತೊಳೆಯುವುದು ಸುಲಭ, ನಿಪ್ಪಲ್‌ಗೆ ಒಗ್ಗಿ ಮಗು ಎದೆ ಬಿಡುವ ತಾಪತ್ರಯವಿಲ್ಲ. ಆದರೆ ಮಲಗಿಸಿ ಗಂಟಲಿಗೆ ಸುರಿಯಬಾರದು. ಮಗುವನ್ನು ತೊಡೆಯ ಮೇಲೆ ಕೂರಿಸಿದ ಹಾಗೆ ಎತ್ತಿ ಹಿಡಿದು, ಮೂತಿಯನ್ನು ತುಟಿಯ ಮೂಲೆಗೆ ತಾಗಿಸಿ, ಸ್ವಲ್ಪ ಸ್ವಲ್ಪ ಓರೆ ಮಾಡಿ, ನುಂಗಿದ್ದು ಕಂಡ ಮೇಲೆ ಮುಂದಿನದು. ಅಳುತ್ತಿರುವಾಗ, ನಿದ್ದೆಗಣ್ಣಿನಲ್ಲಿರುವಾಗ ಹಾಕಬಾರದು. ಕೆಮ್ಮಿದರೆ ಅಲ್ಲಿಗೇ ನಿಲ್ಲಿಸಿ.

ಸಂಜೆ ನೀವು ಬರುವ ಒಂದು ಗಂಟೆ ಮೊದಲು ಹೊಟ್ಟೆ ತುಂಬ ಕುಡಿಸಬೇಡಿ ಅಂತ ಅವರಿಗೆ ಹೇಳಿಟ್ಟಿರಿ. ಮಗು ತೀರಾ ಹಸಿದರೆ 20-30 ಮಿ.ಲೀ. ಕೊಡಲಿ. ಬಂದ ಕೂಡಲೇ ಎದೆಗೆ ಹಾಕಿಕೊಂಡರೆ ನಿಮಗೂ ಬಿಗಿತ ಇಳಿಯುತ್ತದೆ, ಹಾಲೂ ಉಳಿಯುತ್ತದೆ. ಕೆಲಸಕ್ಕೆ ಹೋಗುವ ತಾಯಂದಿರ ಮಕ್ಕಳು ಹಗಲು ಕಡಿಮೆ ಕುಡಿದು ರಾತ್ರಿ ಹೆಚ್ಚು ಕುಡಿಯುವುದು ಮಾಮೂಲು. ಹಗಲು 420ರ ಬದಲು 250 ಕುಡಿಯಿತು ಅಂತ ಗಾಬರಿ ಬೇಡ.

ಕರಿಮೆಣಸು (ಸೋಮವಾರಪೇಟೆ)

ಕರೆಂಟಿನ ವಿಷಯ ನಾನು ಹೇಳುತ್ತೇನೆ. ನಮ್ಮ ಕಡೆ ಮಳೆಗಾಲದಲ್ಲಿ ಮರ ಬಿದ್ದು ಲೈನು ಹೋದರೆ ಒಂದು ಗಂಟೆಯಲ್ಲಿ ಬಂದರೂ ಬಂತು, ಮೂರು ದಿನ ಆದರೂ ಆಯಿತು. ಎರಡಕ್ಕೂ ಬೇರೆ ಬೇರೆ ತಯಾರಿ ಬೇಕು.

ಕರೆಂಟು ಹೋದ ಮೇಲೆ ಬಾಗಿಲು ತೆರೆಯದಿದ್ದರೆ ಫ್ರಿಜ್ಜಿನ ಕೆಳಭಾಗ ನಾಲ್ಕು ಗಂಟೆ ತಂಪಾಗಿರುತ್ತದೆ. ಬೇರೆ ಬಾಗಿಲಿನ ಫ್ರೀಜರ್ ಪೂರ್ತಿ ತುಂಬಿದ್ದರೆ 48 ಗಂಟೆ, ಅರ್ಧ ತುಂಬಿದ್ದರೆ 24 ಗಂಟೆ. ಅದಕ್ಕೇ ಖಾಲಿ ಜಾಗಕ್ಕೆಲ್ಲ ನೀರು ತುಂಬಿದ ಬಾಟಲಿ ಇಟ್ಟು ಗಟ್ಟಿಮಾಡಿ. ಬಾಟಲಿಯ ಕುತ್ತಿಗೆಯವರೆಗೆ ತುಂಬಬೇಡಿ, ಒಡೆಯುತ್ತದೆ. ಸಿಂಗಲ್ ಡೋರ್ ಐಸ್ ಪೆಟ್ಟಿಗೆಗೆ ಈ ಲೆಕ್ಕ ಅನ್ವಯಿಸುವುದಿಲ್ಲ, ಅದು ಬೇಗ ಇಳಿಯುತ್ತದೆ. ನಾಲ್ಕು ಗಂಟೆ ಆಗುತ್ತಾ ಬಂತು ಅಂದರೆ ಹಾಲನ್ನು ಐಸ್ ಬಾಟಲಿಗಳ ಜೊತೆ ಥರ್ಮೋಕೋಲ್ ಪೆಟ್ಟಿಗೆಗೆ ವರ್ಗಾಯಿಸಿ.

ನೀವು ಆಫೀಸಿನಲ್ಲಿರುವಾಗ ಕರೆಂಟು ಹೋಗಿ ಬಂದದ್ದು ತಿಳಿಯಲು ಒಂದು ಉಪಾಯ. ಸಣ್ಣ ಲೋಟದಲ್ಲಿ ನೀರು ಗಟ್ಟಿಮಾಡಿ ಅದರ ಮೇಲೆ ಒಂದು ರೂಪಾಯಿ ನಾಣ್ಯ ಇಟ್ಟು ಫ್ರೀಜರ್‌ನಲ್ಲಿಡಿ. ಸಂಜೆ ನೋಡಿದಾಗ ನಾಣ್ಯ ಮೇಲೆಯೇ ಇದ್ದರೆ ಏನೂ ಕರಗಿಲ್ಲ. ತಳಕ್ಕೆ ಹೋಗಿದ್ದರೆ ಎಲ್ಲವೂ ಕರಗಿ ಮತ್ತೆ ಗಟ್ಟಿಯಾಗಿದೆ, ಆ ಹಾಲು ಕೊಡಬಾರದು. ನಡುವೆ ಸಿಕ್ಕಿದ್ದರೆ ಭಾಗಶಃ ಕರಗಿದೆ.

ಇನ್ವರ್ಟರ್: 12 ವೋಲ್ಟ್ 150 ಎಎಚ್ ಬ್ಯಾಟರಿ ಅಂದರೆ ಲೆಕ್ಕಕ್ಕೆ 1,800 ವ್ಯಾಟ್-ಅವರ್. ಬ್ಯಾಟರಿ ಬಾಳಬೇಕಾದರೆ ಸಾವಿರದ ಆಸುಪಾಸು ಮಾತ್ರ ಬಳಸಬೇಕು. ಸಿಂಗಲ್ ಡೋರ್ ಫ್ರಿಜ್ ಓಡುವಾಗ ಎಳೆಯುವುದು 100 ವ್ಯಾಟ್ ಆಸುಪಾಸು, ಅದೂ ಬಿಟ್ಟು ಬಿಟ್ಟು. ಆದರೆ ಕಂಪ್ರೆಸರ್ ಶುರುವಾಗುವ ಗಳಿಗೆಯಲ್ಲಿ ಅದರ ಹಲವು ಪಟ್ಟು ಎಳೆಯುತ್ತದೆ, ಸಣ್ಣ ಇನ್ವರ್ಟರ್ ಅಲ್ಲೇ ಓವರ್‌ಲೋಡ್ ತೋರಿಸಿ ನಿಲ್ಲುತ್ತದೆ. 900 ವಿಎ ಅಥವಾ ಹೆಚ್ಚಿನ ಸೈನ್ ವೇವ್ ಇರಬೇಕು. ಸ್ಕ್ವೇರ್ ವೇವ್‌ನಲ್ಲಿ ಕಂಪ್ರೆಸರ್ ಗುಂಯ್‌ಗುಟ್ಟಿ ಬಿಸಿಯಾಗುತ್ತದೆ. ಲೈಟಿನ ಲೈನಿಗೇ ಫ್ರಿಜ್ ಸಿಕ್ಕಿಸಬೇಡಿ. ಎಲೆಕ್ಟ್ರಿಷಿಯನ್ ಕರೆಸಿ ಇನ್ವರ್ಟರ್‌ನಿಂದ 16 ಆಂಪ್ ಸಾಕೆಟ್ ಬೇರೆ ಎಳೆಸಿ. ಲೈನ್ ಕಟ್ ಆದ ದಿನ ಫ್ರಿಜ್ಜನ್ನು ದಿನವಿಡೀ ಓಡಿಸದೆ ಬೆಳಿಗ್ಗೆ, ಮಧ್ಯಾಹ್ನ, ರಾತ್ರಿ ಒಂದೊಂದು ಗಂಟೆ ಓಡಿಸಿದರೆ ಎರಡನೇ ದಿನವೂ ದಾಟಬಹುದು.

ಜನರೇಟರ್ ಇದ್ದವರು ಅದನ್ನು ಜಗಲಿಯಲ್ಲೋ ಹಿತ್ತಿಲ ಶೆಡ್ಡಿನಲ್ಲೋ ಇಡಬೇಡಿ. ಕಿಟಕಿಗಳಿಂದ ದೂರ, ಬಯಲಿನಲ್ಲಿ. ಲೈನ್ ದೂರಿಗೆ 1912.

ಹಾರಂಗಿ (ಕುಶಾಲನಗರ)

ಅಣ್ಣ, ಆಫೀಸಿನಲ್ಲಿ ತೆಗೆದ ಹಾಲನ್ನು ಬಸ್ಸಿನಲ್ಲಿ ತರಲು?

ಕರಿಮೆಣಸು (ಸೋಮವಾರಪೇಟೆ)

ಅಗಲ ಬಾಯಿಯ ಸ್ಟೀಲ್ ಫ್ಲಾಸ್ಕ್ ಸಾಕು. ಬೆಳಿಗ್ಗೆ ಐಸ್ ತುಂಡು ತುಂಬಿಸಿಕೊಂಡು ಹೋಗಿ. ಹಾಲಿನ ಸಣ್ಣ ಬಾಟಲಿಯನ್ನು ಮುಚ್ಚಳ ಬಿಗಿಮಾಡಿ ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ಐಸಿನ ನಡುವೆ ಇಳಿಸಿ. ಸಂಜೆಗೂ ಐಸ್ ಉಳಿದಿರುತ್ತದೆ. ಆಗ ತೆಗೆದ ಬೆಚ್ಚಗಿನ ಹಾಲನ್ನು ಬೆಳಗಿನ ತಣ್ಣಗಿನ ಹಾಲಿಗೆ ನೇರ ಸುರಿಯಬೇಡಿ. ಮೊದಲು ಬೇರೆಯಾಗಿ ತಣಿಸಿ, ಆಮೇಲೆ ಸೇರಿಸಿ.

ಕಿತ್ತಳೆ (ವಿರಾಜಪೇಟೆ)

ಕಾನೂನಿನ ಪ್ರಶ್ನೆಗೆ. 1961ರ ಹೆರಿಗೆ ಸೌಲಭ್ಯ ಕಾಯ್ದೆಗೆ 2017ರಲ್ಲಿ ತಿದ್ದುಪಡಿಯಾಗಿ ಮೊದಲ ಎರಡು ಮಕ್ಕಳಿಗೆ 26 ವಾರ, ಆಮೇಲಿನ ಮಗುವಿಗೆ 12 ವಾರ ಸಂಬಳದ ರಜೆ ಬಂತು. ಹೆರಿಗೆಗೆ ಮೊದಲಿನ 12 ತಿಂಗಳಲ್ಲಿ 80 ದಿನ ಕೆಲಸ ಮಾಡಿರಬೇಕು.

ವಾಪಸ್ ಬಂದ ಮೇಲೆ, ಮಗುವಿಗೆ 15 ತಿಂಗಳಾಗುವವರೆಗೆ ಊಟದ ವಿರಾಮ ಬಿಟ್ಟು ದಿನಕ್ಕೆ ಎರಡು ಹಾಲೂಡಿಸುವ ವಿರಾಮ ಕೊಡಲೇಬೇಕು. 50 ಅಥವಾ ಹೆಚ್ಚು ನೌಕರರಿದ್ದರೆ ಶಿಶುಪಾಲನಾ ಕೇಂದ್ರ ಇರಬೇಕು, ತಾಯಿಗೆ ಅಲ್ಲಿಗೆ ದಿನಕ್ಕೆ ನಾಲ್ಕು ಸಲ ಹೋಗಿಬರಲು ಬಿಡಬೇಕು. ಕೆಲಸದ ಸ್ವರೂಪಕ್ಕೆ ಹೊಂದಿದರೆ ಮನೆಯಿಂದ ಕೆಲಸ ಮಾಡಲು ಇಬ್ಬರೂ ಒಪ್ಪಿಕೊಳ್ಳಬಹುದು. 2025ರ ನವೆಂಬರ್‌ನಿಂದ ಈ ಕಾಯ್ದೆಯ ಜಾಗಕ್ಕೆ 2020ರ ಸಾಮಾಜಿಕ ಭದ್ರತಾ ಸಂಹಿತೆ ಬಂದಿದೆ, ಅದರಲ್ಲೂ ಇವೇ ನಿಯಮಗಳಿವೆ.

ಒಂದು ಸೂಕ್ಷ್ಮ ಇದೆ, ಗಮನಿಸಿ. ಕಾಯ್ದೆಯಲ್ಲಿ 'ಮಗುವಿಗೆ ಹಾಲೂಡಿಸಲು' ಅಂತ ಇದೆ, ಪಂಪ್ ಮಾಡುವ ಮಾತಿಲ್ಲ. ಮಗು ಕುಶಾಲನಗರದಲ್ಲಿ, ತಾಯಿ ಮಡಿಕೇರಿಯಲ್ಲಿ ಇದ್ದಾಗ ಆ ವಿರಾಮದಲ್ಲಿ ಹಾಲು ತೆಗೆಯುವುದಾಗಿ ಬರವಣಿಗೆಯಲ್ಲೇ ಕೊಡಿ. ಅರ್ಜಿಯಲ್ಲಿ ನಾಲ್ಕು ವಿಷಯ ಸಾಕು: ಮಗು ಹುಟ್ಟಿದ ದಿನಾಂಕ, 15 ತಿಂಗಳು ತುಂಬುವ ದಿನಾಂಕ, ಬೇಕಾದ ಎರಡು ಹೊತ್ತು (11 ಗಂಟೆ, 4 ಗಂಟೆ, ನಡುವೆ ಊಟದ ಹೊತ್ತಿನಲ್ಲಿ ಒಂದು), ಮತ್ತು ಚಿಲಕವಿರುವ, ಪ್ಲಗ್ ಪಾಯಿಂಟ್ ಇರುವ ಕೋಣೆ. ಶೌಚಾಲಯ ತೋರಿಸಿದರೆ ಒಪ್ಪಬೇಡಿ, ಅದು ಆಹಾರ ತೆಗೆಯುವ ಜಾಗ ಅಲ್ಲ. ಸ್ಟೋರ್ ರೂಮಿಗೆ ಒಂದು ಪರದೆ, ಒಂದು ಕುರ್ಚಿ ಹಾಕಿದರೂ ನಡೆಯುತ್ತದೆ. ಸೇರುವ ಎರಡು ವಾರ ಮೊದಲೇ ಕೊಟ್ಟು ಸ್ವೀಕೃತಿ ಸಹಿ ಪಡೆಯಿರಿ. ಸೇರಿದ ದಿನ ಹೋಗಿ ಬಾಯಿಮಾತಲ್ಲಿ ಕೇಳಿದರೆ 'ನೋಡೋಣ' ಅನ್ನುವ ಉತ್ತರವೇ ಸಿಗುವುದು.

ರಾಜ್ಯ ಸರ್ಕಾರಿ ನೌಕರರಿಗೆ ಹೆರಿಗೆ ರಜೆ 180 ದಿನ, ತಂದೆಗೆ 15 ದಿನ. ಜೊತೆಗೆ ಮಹಿಳಾ ನೌಕರರಿಗೆ 2021ರ ಆದೇಶದಂತೆ ಶಿಶುಪಾಲನಾ ರಜೆ ಸೇವಾವಧಿಯಲ್ಲಿ ಒಟ್ಟು 180 ದಿನ. ಅದನ್ನು ಒಂದೇ ಸಲ ಖರ್ಚು ಮಾಡದೆ ಜುಲೈ-ಆಗಸ್ಟ್ ಮಳೆಗೆ ಒಂದಷ್ಟು ಉಳಿಸಿಕೊಳ್ಳುವುದು ಜಾಣತನ.

ತಡಿಯಂಡಮೋಳ್ (ಕಕ್ಕಬ್ಬೆ)

ತೋಟದಲ್ಲಿ ಕೆಲಸ ಮಾಡುವ ತಾಯಂದಿರ ಮಾತೂ ಬರಲಿ. 1951ರ ಪ್ಲಾಂಟೇಶನ್ ಕಾರ್ಮಿಕ ಕಾಯ್ದೆಯ ಪ್ರಕಾರ 50 ಮಹಿಳಾ ಕಾರ್ಮಿಕರಿದ್ದರೆ, ಅಥವಾ ಅವರ ಮಕ್ಕಳು 20 ಇದ್ದರೆ, ತೋಟದವರು ಶಿಶುವಿಹಾರ ನಡೆಸಬೇಕಿತ್ತು. 2025ರ ನವೆಂಬರ್‌ನಿಂದ ಆ ಕಾಯ್ದೆಯ ಜಾಗಕ್ಕೆ ಹೊಸ ಕಾರ್ಮಿಕ ಸಂಹಿತೆ ಬಂದಿದೆ. ಸಣ್ಣ ತೋಟಗಳಲ್ಲಿ ಇದು ಬರುವುದಿಲ್ಲ, ಅಲ್ಲಿ ಲೈನ್ ಮನೆಯಲ್ಲಿ (ತೋಟದ ಕಾರ್ಮಿಕರ ಸಾಲುಮನೆ) ದೊಡ್ಡ ಮಕ್ಕಳ ಕೈಯಲ್ಲಿ ಕೂಸು ಬಿಟ್ಟು ಹೋಗುವುದೇ ಹೆಚ್ಚು. ಎಂಟು-ಹತ್ತು ವರ್ಷದ ಹುಡುಗಿಗೆ ಕೂಸಿನ ಜವಾಬ್ದಾರಿ ಬೇಡ, ಅವಳ ಶಾಲೆಯೂ ಹೋಗುತ್ತದೆ. ಗ್ರಾಮ ಪಂಚಾಯಿತಿಯಲ್ಲಿ 'ಕೂಸಿನ ಮನೆ' ಇದೆಯೇ ವಿಚಾರಿಸಿ. ನರೇಗಾ ಕೆಲಸಕ್ಕೆ ಹೋಗುವ ತಾಯಂದಿರಿಗಾಗಿ ಸರ್ಕಾರ 2023ರಲ್ಲಿ ಘೋಷಿಸಿದ್ದು.

ಸೀರೆಯ ಜೋಲಿ ಕಟ್ಟುವವರು ಗಮನಿಸಿ. ತೀರಾ ಎಳೆಗೂಸು ಜೋಲಿಯಲ್ಲಿ ಮುದುಡಿ ಗಲ್ಲ ಎದೆಗೆ ತಾಗಿದರೆ ಉಸಿರಿನ ದಾರಿ ಮುಚ್ಚುತ್ತದೆ. ಅಳು ನಿಲ್ಲಿಸಲು ತೂಗಿ, ನಿದ್ದೆ ಬಂದ ಮೇಲೆ ಗಟ್ಟಿಯಾದ ಚಾಪೆಯ ಮೇಲೆ ಅಂಗಾತ ಮಲಗಿಸಿ. ತಲೆದಿಂಬು, ದಪ್ಪ ಕಂಬಳಿ ಮುಖದ ಹತ್ತಿರ ಬೇಡ.

ತಂದೆಯರಿಗೆ ಒಂದು ಮಾತು. ಮಳೆಗೆ ಮುಂಚೆ ಬೋರ್ಡೋ ದ್ರಾವಣ ಹೊಡೆದು ಬಂದ ಬಟ್ಟೆಯಲ್ಲಿ ಮಗುವನ್ನು ಎತ್ತಬೇಡಿ. ಮೈಲುತುತ್ತ, ಸುಣ್ಣ ಎರಡೂ ಎಳೆ ಚರ್ಮವನ್ನೂ ಕಣ್ಣನ್ನೂ ಸುಡುತ್ತವೆ. ಹೊರಗಿನ ಬಚ್ಚಲಲ್ಲಿ ಸ್ನಾನ ಮಾಡಿ, ಆ ಬಟ್ಟೆಯನ್ನು ಮಗುವಿನ ಬಟ್ಟೆಯ ಜೊತೆ ಒಗೆಯದೆ, ಆಮೇಲೆ ಎತ್ತಿಕೊಳ್ಳಿ. ಇಂಬಳವೂ ಅದೇ ಬಟ್ಟೆಯಲ್ಲಿ ಒಳಗೆ ಬರುವುದು.

ಗದ್ದೆಬದು (ನಾಪೋಕ್ಲು)

ಬಟ್ಟೆ ಒಣಗಿಸುವುದಕ್ಕೆ ಯಾರೂ ಉತ್ತರಿಸಿಲ್ಲವಲ್ಲ. ಇಲ್ಲಿ ಮೂರು ದಿನ ಆದರೂ ಒಣಗುವುದಿಲ್ಲ, ಮುಗ್ಗಲು ವಾಸನೆ ಬೇರೆ.

ಲಕ್ಷ್ಮಣತೀರ್ಥ (ಪೊನ್ನಂಪೇಟೆ)

ಮುಗ್ಗಲು ವಾಸನೆ ಬರುವುದು ಬಟ್ಟೆ ತುಂಬಾ ಹೊತ್ತು ಹಸಿಯಾಗಿ ಉಳಿದು ಸೂಕ್ಷ್ಮಜೀವಿ ಬೆಳೆಯುವುದರಿಂದ. ಆದ್ದರಿಂದ ಒಗೆಯುವುದಕ್ಕಿಂತ ಬೇಗ ಒಣಗುವುದೇ ಮುಖ್ಯ.

ಮೊದಲು ಬಟ್ಟೆಯ ಆಯ್ಕೆ. ಐದಾರು ಪದರ ಸೇರಿಸಿ ಹೊಲಿದ ನ್ಯಾಪಿ ಬಿಸಿಲಿನ ಊರಿಗೆ ಸರಿ, ಜುಲೈ ಕೊಡಗಿಗೆ ಆಗುವುದಿಲ್ಲ. ಹಳೆ ಪಂಚೆ ಅಥವಾ ಹಳೆ ಕಾಟನ್ ಸೀರೆಯನ್ನು ಒಂದು ಮೀಟರ್ ಚೌಕ ಕತ್ತರಿಸಿ. ಮಡಚಿದರೆ ಎಂಟು ಪದರ, ಬಿಚ್ಚಿ ಒಣಹಾಕಿದರೆ ಒಂದೇ ಪದರ. ಮಳೆಗಾಲಕ್ಕೆ 30 ಚೌಕ ಇರಲಿ. ಮಲ ಆದ ಬಟ್ಟೆಯನ್ನು ತಣ್ಣೀರಲ್ಲಿ ಮೊದಲು ಜಾಲಿಸಿ, ಬಿಸಿನೀರು ಮೊದಲೇ ಹಾಕಿದರೆ ಕಲೆ ಕೂರುತ್ತದೆ. ಆಮೇಲೆ ಬಿಸಿನೀರು, ಸ್ವಲ್ಪ ಸೋಪಿನ ಪುಡಿ, ಎರಡು ಸಲ ಜಾಲಾಟ. ಕಂಫರ್ಟ್ ತರಹದ ಮೆತ್ತಗಾಗಿಸುವ ದ್ರವ ಬೇಡ, ಬಟ್ಟೆ ನೀರು ಹೀರುವುದಿಲ್ಲ. ಮೆಷಿನ್ ಇದ್ದರೆ ಕೊನೆಗೆ ಸ್ಪಿನ್ ಮಾತ್ರ ಇನ್ನೊಂದು ಸಲ ಓಡಿಸಿ. ಒಣಗಲು ಬೇಕಾದ ಹೊತ್ತು ಕಾಣುವಷ್ಟು ಇಳಿಯುತ್ತದೆ.

ಒಣಹಾಕಲು ನಮ್ಮ ಮನೆಗಳಲ್ಲಿ ಅತ್ಯುತ್ತಮ ಜಾಗ ಹಂಡೆ ಒಲೆಯ ಬಚ್ಚಲುಮನೆ, ಸ್ನಾನಗಳೆಲ್ಲ ಮುಗಿದ ಮೇಲೆ. ನೆಲ ಒರೆಸಿ, ಮೇಲಿನ ಕಿಂಡಿ ತೆರೆದು, ಒಲೆಯ ಬಾಯಿಯಿಂದ ನಾಲ್ಕು ಅಡಿ ದೂರದಲ್ಲಿ ಬಿದಿರ ಗಳು ಕಟ್ಟಿ. ಎರಡು ಬಟ್ಟೆಯ ನಡುವೆ ಒಂದು ಗೇಣು ಜಾಗ ಬಿಡಿ. ಕಿಂಡಿ ಮುಚ್ಚಿದರೆ ಆವಿ ಅಲ್ಲೇ ಸುತ್ತಿ ಬಟ್ಟೆ ಬೆಚ್ಚಗಾಗುತ್ತದೆಯೇ ಹೊರತು ಒಣಗುವುದಿಲ್ಲ. ಅಡುಗೆ ಒಲೆಯ ಅಟ್ಟದಲ್ಲಿ ಹಾಕಿದರೆ ಹೊಗೆ ಹಿಡಿಯುತ್ತದೆ, ಮಗುವಿನ ಬಟ್ಟೆಗೆ ಅದು ಬೇಡ. ಒಲೆ ಇಲ್ಲದ ಮನೆಯಲ್ಲಿ ಒಂದು ಕೋಣೆಯ ಫ್ಯಾನಿನ ಕೆಳಗೆ ಸ್ಟ್ಯಾಂಡ್ ಇಟ್ಟು ಒಂದು ಕಿಟಕಿ ಬೆರಳಷ್ಟು ತೆರೆದಿಡಿ.

ಕೊನೆಗೆ ಎರಡೂ ಕಡೆ ಇಸ್ತ್ರಿ. ಇಸ್ತ್ರಿ ಆದ ಮೇಲೆ ಬಟ್ಟೆ ತಣ್ಣಗಾಗಲು ಬಿಟ್ಟು, ಮಡಚಿ ಕೆನ್ನೆಗೆ ಒತ್ತಿ ನೋಡಿ. ಕೈಗೆ ಒಣಗಿದಂತೆ ಕಂಡರೂ ಕೆನ್ನೆಗೆ ತಂಪು ತಾಗಿದರೆ ಇನ್ನೂ ತೇವವಿದೆ. ಅಂಥದ್ದನ್ನು ಕಟ್ಟಿದರೆ ತೊಡೆಸಂದಿಯಲ್ಲಿ ಕೆಂಪಾಗುತ್ತದೆ. ಕೆಂಪಿನ ಸುತ್ತ ಸಣ್ಣ ಸಣ್ಣ ಚುಕ್ಕೆ ಚದುರಿದ್ದರೆ ಅದು ಶಿಲೀಂಧ್ರ, ಪೌಡರ್ ಹಾಕಬೇಡಿ, ವೈದ್ಯರಿಗೆ ತೋರಿಸಿ ಮುಲಾಮು ಪಡೆಯಿರಿ. ರಾತ್ರಿಗೆ, ಪ್ರಯಾಣಕ್ಕೆ ಡೈಪರ್ ಬಳಸಿದರೆ ತಪ್ಪೇನಿಲ್ಲ, ಹಗಲಲ್ಲಿ ಮೂರು-ನಾಲ್ಕು ಗಂಟೆಗೊಮ್ಮೆ ಬದಲಿಸಿ.

ಸಂಪಿಗೆ (ಮಡಿಕೇರಿ)

ಇಲ್ಲಿ ಒಂದು ಮಾತು ಸೇರಿಸಲೇಬೇಕು, ದಯವಿಟ್ಟು ಮನೆಯ ಹಿರಿಯರಿಗೂ ಓದಿ ಹೇಳಿ. ಬಟ್ಟೆ ಒಣಗಿಸಲು, ಬಾಣಂತಿ ಕೋಣೆ ಬೆಚ್ಚಗಿಡಲು ಕೆಂಡದ ಬಾಣಲೆಯನ್ನು ಮಂಚದ ಹತ್ತಿರ ಇಟ್ಟು ಬಾಗಿಲು, ಕಿಟಕಿ ಮುಚ್ಚುತ್ತಾರೆ. ಹೊಗೆ ಇಲ್ಲದ ಕೆಂಪು ಕೆಂಡದಿಂದಲೂ ಕಾರ್ಬನ್ ಮೊನಾಕ್ಸೈಡ್ ಬರುತ್ತದೆ. ಬಣ್ಣವಿಲ್ಲ, ವಾಸನೆಯಿಲ್ಲ. ತಲೆನೋವು, ವಾಕರಿಕೆ, ಮಂಪರು, ಆಮೇಲೆ ಏಳುವುದೇ ಇಲ್ಲ. ಮಲಗಿದ್ದವರಿಗೆ ಗೊತ್ತೇ ಆಗುವುದಿಲ್ಲ. ಮಗು ಮಲಗುವ ಕೋಣೆಯಲ್ಲಿ ಕೆಂಡ ಬೇಡ, ಒಂದು ಗಂಟೆಗೂ ಬೇಡ. ಬೆಚ್ಚಗಿಡಲು ಮೈಗೆ ಎರಡು ಪದರ ಹತ್ತಿ ಬಟ್ಟೆ, ಮೇಲೊಂದು ಉಣ್ಣೆ, ಕಾಲುಚೀಲ ಸಾಕು. ಕತ್ತಿನ ಹಿಂಭಾಗ ಮುಟ್ಟಿ ನೋಡಿ, ಬೆವರಿದ್ದರೆ ಒಂದು ಪದರ ತೆಗೆಯಿರಿ. ಸಾಂಬ್ರಾಣಿ ಹೊಗೆಯನ್ನು ಮಗುವಿನ ತಲೆಗೆ ಹಿಡಿಯುವುದೂ ಬೇಡ, ಎಳೆ ಶ್ವಾಸಕೋಶಕ್ಕೆ ಹೊಗೆ ಹೊಗೆಯೇ.

ಹಾರಂಗಿ (ಕುಶಾಲನಗರ)

ಇದು ಗೊತ್ತಿರಲಿಲ್ಲ ಅಕ್ಕ, ಇವತ್ತೇ ಹೇಳುತ್ತೇನೆ. ಜುಲೈಯಲ್ಲಿ ಆರು ತಿಂಗಳು ತುಂಬಿದ ಮೇಲೆ ರಾಗಿ ಸರಿ ಶುರು ಮಾಡಬೇಕಲ್ಲ. ಮೊಳಕೆ ರಾಗಿ ಈ ಮಳೆಯಲ್ಲಿ ಒಣಗುವುದು ಹೇಗೆ? ಅತ್ತೆ ಮನೆಯ ಜೇನನ್ನೂ ನೆಕ್ಕಿಸಬೇಕು ಅಂತಾರೆ.

ಲಕ್ಷ್ಮಣತೀರ್ಥ (ಪೊನ್ನಂಪೇಟೆ)

ಜೇನು ಒಂದು ವರ್ಷದವರೆಗೆ ಬೇಡ. ಕೊಡಗಿನ ಜೇನು ಎಷ್ಟೇ ಅಪ್ಪಟವಾಗಿರಲಿ, ಜೇನಿನಲ್ಲಿ ಬಾಟ್ಯುಲಿಸಂ ತರುವ ಸೂಕ್ಷ್ಮಜೀವಿಯ ಬೀಜಕಣಗಳು ಇರಬಹುದು. ದೊಡ್ಡವರ ಕರುಳು ಅದನ್ನು ತಡೆಯುತ್ತದೆ, ಎಳೆಮಗುವಿನ ಕರುಳಿನಲ್ಲಿ ಅದು ಮೊಳೆತು ವಿಷ ಬಿಡುತ್ತದೆ. ಬಿಸಿ ಮಾಡಿದರೂ ಬೀಜಕಣ ಸಾಯುವುದಿಲ್ಲ. ಅತ್ತೆಯವರಿಗೆ 'ಜೇನು ಕೆಟ್ಟದ್ದು' ಅನ್ನಬೇಡಿ, 'ಒಂದು ವರ್ಷ ತುಂಬಲಿ' ಅನ್ನಿ.

ರಾಗಿ: ಒಂದು ಸಲಕ್ಕೆ ಕಾಲು ಕಿಲೋ ಮಾತ್ರ ಮಾಡಿ. ಕಲ್ಲು ಆರಿಸಿ, ಮೂರು-ನಾಲ್ಕು ನೀರಲ್ಲಿ ತೊಳೆದು, ಎಂಟರಿಂದ ಹತ್ತು ಗಂಟೆ ನೆನೆಸಿ. ತೆಳು ಬಟ್ಟೆಯಲ್ಲಿ ಸಡಿಲವಾಗಿ ಕಟ್ಟಿ ತೂಗುಹಾಕಿ, ಬೆಳಿಗ್ಗೆ ಸಂಜೆ ನೀರು ಚಿಮುಕಿಸಿ. ಚಳಿಗೆ ಮೊಳಕೆ ಬರಲು ಎರಡು ದಿನ ಹಿಡಿಯಬಹುದು. ಬಿಗಿಯಾಗಿ ಕಟ್ಟಿದರೆ ನಡುವಿನ ರಾಗಿ ಬಿಸಿಯಾಗಿ ಹುಳಿ ವಾಸನೆ ಬರುತ್ತದೆ, ಬೂಸಲೂ ಹಿಡಿಯುತ್ತದೆ. ಒಂದು ಕಾಳಿನಲ್ಲಿ ಬೂಸಲು ಕಂಡರೂ ಇಡೀ ಗಂಟು ಬಿಸಾಡಿ, ತೊಳೆದು ಬಳಸುವ ಮಾತಿಲ್ಲ. ಮೊಳಕೆ ಸಾಸಿವೆಯಷ್ಟು ಬಂದ ಕೂಡಲೇ ಬಟ್ಟೆಯ ಮೇಲೆ ಹರಡಿ ಫ್ಯಾನಿನ ಕೆಳಗೆ ನಾಲ್ಕು ಗಂಟೆ, ಆಮೇಲೆ ದಪ್ಪ ತಳದ ಬಾಣಲೆಯಲ್ಲಿ ಸಣ್ಣ ಉರಿಗೆ ಕೈಬಿಡದೆ ಹುರಿಯಿರಿ. ಚಟಚಟ ಸದ್ದು ಬಂದು ಘಮ ಎದ್ದಾಗ ಇಳಿಸಿ. ಪೂರ್ತಿ ಆರಿದ ಮೇಲೆ ಪುಡಿ ಮಾಡಿ ತೆಳು ಬಟ್ಟೆಯಲ್ಲಿ ಜರಡಿ ಹಿಡಿಯಿರಿ. ಬಿಸಿಯಲ್ಲೇ ಡಬ್ಬಿಗೆ ತುಂಬಿದರೆ ಒಳಗೆ ಬೆವರಿ ಗಂಟು ಕಟ್ಟುತ್ತದೆ. ಒದ್ದೆ ಚಮಚ ಹಾಕಬಾರದು.

ಒಂದು ದೊಡ್ಡ ಚಮಚ ಪುಡಿಯನ್ನು ಎರಡು ಚಮಚ ತಣ್ಣೀರಿನಲ್ಲಿ ಗಂಟಿಲ್ಲದೆ ಕದಡಿ, ಕುದಿಯುವ ಅರ್ಧ ಲೋಟ ನೀರಿಗೆ ಸುರಿದು ಆರೇಳು ನಿಮಿಷ ಕೈಯಾಡಿಸಿ. ಚಮಚ ಓರೆ ಮಾಡಿದರೆ ನೀರಿನಂತೆ ಸುರಿಯಬಾರದು, ಮೆಲ್ಲಗೆ ಜಾರಬೇಕು. ಮೊಳಕೆ ರಾಗಿ ಬೆಂದಾಗ ತೆಳುವಾಗುತ್ತದೆ, ಅದು ಒಳ್ಳೆಯದೇ: ಅಷ್ಟೇ ಜಾಗದಲ್ಲಿ ಹೆಚ್ಚು ರಾಗಿ ಹಿಡಿಸಬಹುದು. ಇಳಿಸಿದ ಮೇಲೆ ಅರ್ಧ ಚಮಚ ತುಪ್ಪ. ಉಪ್ಪು, ಸಕ್ಕರೆ ವರ್ಷದವರೆಗೆ ಬೇಡ. ಮೊದಲ ವಾರ ಎರಡು-ಮೂರು ದೊಡ್ಡ ಚಮಚ, ದಿನಕ್ಕೆರಡು ಸಲ. ಎಂಟು ತಿಂಗಳ ಹೊತ್ತಿಗೆ ಒಂದು ಸಲಕ್ಕೆ 125 ಮಿ.ಲೀ. ಬಟ್ಟಲು.

ರಾಗಿಯೊಂದರಲ್ಲೇ ನಿಲ್ಲಬೇಡಿ. ಸುಣ್ಣದಂಶ ಧಾರಾಳ, ಕಬ್ಬಿಣ ಸಾಲುವುದಿಲ್ಲ. ತೊವ್ವೆ ಅನ್ನ, ಸಿಹಿಗುಂಬಳ, ಪೂರ್ತಿ ಬೆಂದ ಮೊಟ್ಟೆ, ಮಾಂಸ ತಿನ್ನುವ ಮನೆಯಾದರೆ ಬೇಯಿಸಿ ಅರೆದ ಕೋಳಿ ಲಿವರ್ ಒಂದು ಚಮಚ. ಒಂಬತ್ತು ತಿಂಗಳಾದ ಮೇಲೆ ನೂಪುಟ್ಟನ್ನು (ಅಕ್ಕಿ ಶ್ಯಾವಿಗೆ) ಸಣ್ಣಗೆ ಕತ್ತರಿಸಿ ತೊವ್ವೆಯಲ್ಲಿ ನೆನೆಸಿ ಕೊಟ್ಟರೆ ಚೆನ್ನಾಗಿ ತಿನ್ನುತ್ತವೆ.

ಸಂಪಿಗೆ (ಮಡಿಕೇರಿ)

ಇದರ ಜೊತೆ, ಆರು ತಿಂಗಳಿಂದ ಆಶಾ ಕಾರ್ಯಕರ್ತೆ ಕೊಡುವ ಕಬ್ಬಿಣದ ಸಿರಪ್ ವಾರಕ್ಕೆ ಎರಡು ಸಲ ಒಂದು ಮಿ.ಲೀ. ವಿಟಮಿನ್ ಡಿ ಹನಿ ಒಂದು ವರ್ಷದವರೆಗೆ ದಿನಕ್ಕೆ 400 ಯೂನಿಟ್. ಅಂಗಡಿಯಲ್ಲಿ ಮಿ.ಲೀ.ಗೆ 400 ಇರುವುದೂ 800 ಇರುವುದೂ ಸಿಗುತ್ತದೆ, ಲೇಬಲ್ ಓದಿಯೇ ಅಳತೆ ಮಾಡಿ. ಲಸಿಕೆಯಲ್ಲಿ ಹದಿನಾಲ್ಕು ವಾರದ ನಂತರ ದೊಡ್ಡ ಸರದಿ ಒಂಬತ್ತು ತಿಂಗಳಿಗೆ: ದಡಾರ-ರುಬೆಲ್ಲಾ, ಪೋಲಿಯೋ ಚುಚ್ಚುಮದ್ದು, ಪಿಸಿವಿ (ನ್ಯುಮೋನಿಯಾ ತಡೆಯುವ ಲಸಿಕೆ) ಬೂಸ್ಟರ್, ವಿಟಮಿನ್ ಎ. ಆ ದಿನಕ್ಕೂ ಮರುದಿನಕ್ಕೂ ರಜೆ ಈಗಲೇ ಬರೆದಿಡಿ, ಜ್ವರ ಬರಬಹುದು.

ಹಾರಂಗಿ (ಕುಶಾಲನಗರ)

ಕೊನೆಯದೊಂದು. ಗುಡ್ಡ ಜರಿದು ರಸ್ತೆ ಬಂದ್ ಆಗಿ ರಾತ್ರಿ ಮಡಿಕೇರಿಯಲ್ಲೇ ಉಳಿಯಬೇಕಾದರೆ?

ಸಂಪಿಗೆ (ಮಡಿಕೇರಿ)

ಅದಕ್ಕೆ ಎರಡು ಕಡೆಯ ತಯಾರಿ ಬೇಕು. ನಿಮ್ಮ ಬ್ಯಾಗಿನಲ್ಲಿ ಕೈಪಂಪ್, ಒಂದು ಜೊತೆ ಬಟ್ಟೆ, ಪ್ಯಾಡ್. ರಾತ್ರಿಯಲ್ಲೂ ಮೂರು-ನಾಲ್ಕು ಗಂಟೆಗೊಮ್ಮೆ ತೆಗೆಯಿರಿ. ಇಟ್ಟುಕೊಳ್ಳಲು ಜಾಗವಿಲ್ಲದಿದ್ದರೆ ಚೆಲ್ಲಿದರೂ ಸರಿ, ತೆಗೆಯದೆ ಇರಬೇಡಿ. ಕಟ್ಟಿಕೊಂಡು ಗಟ್ಟಿಯಾಗಿ, ಒಂದು ಕಡೆ ಕೆಂಪಾಗಿ, ಚಳಿಜ್ವರ ಬಂದರೆ 24 ಗಂಟೆಯೊಳಗೆ ವೈದ್ಯರನ್ನು ಕಾಣಿ, ಹಾಲೂಡಿಸುವುದನ್ನು ನಿಲ್ಲಿಸಬೇಡಿ.

ಮನೆಯಲ್ಲಿ ದಿನದ ಹಾಲಲ್ಲದೆ 60 ಮಿ.ಲೀ.ಯ ಎಂಟು ಬಾಟಲಿ ಯಾವಾಗಲೂ ಹೆಚ್ಚುವರಿ ಇರಲಿ. ಸಿಂಗಲ್ ಡೋರ್ ಆದ್ದರಿಂದ ಪ್ರತಿ ಬಾಟಲಿಗೂ ತಾರೀಕು ಬರೆದು, ಹಳೆಯದನ್ನು ಮೊದಲು ಬಳಸಿ, ಎರಡು ವಾರ ದಾಟಲು ಬಿಡಬೇಡಿ. ಅದೂ ಮುಗಿದರೆ ಅನ್ನುವ ದಿನಕ್ಕೆ, ಮಕ್ಕಳ ವೈದ್ಯರನ್ನು ಕೇಳಿ ಹಾಲಿನ ಪುಡಿಯ ಒಂದು ಸಣ್ಣ ಡಬ್ಬಿ ಒಡೆಯದೆ ಇಟ್ಟಿರಿ. ಅತ್ತೆಯವರಿಗೆ ಒಂದು ಸಲ ಮಾಡಿ ತೋರಿಸಿ: ನೀರು ಕುದಿಸಿ, ಅರ್ಧ ಗಂಟೆಗಿಂತ ಹೆಚ್ಚು ಆರಲು ಬಿಡದೆ, ಮೊದಲು ನೀರು ಅಳೆದು ಆಮೇಲೆ ಪುಡಿ. ಡಬ್ಬಿಯ ಚಮಚದಲ್ಲಿ ಮಟ್ಟಸವಾಗಿ, ಒತ್ತದೆ, ಹೆಚ್ಚಿನ ಡಬ್ಬಿಗಳಲ್ಲಿ 30 ಮಿ.ಲೀ.ಗೆ ಒಂದು ಚಮಚ. ಪುಡಿ ಉಳಿಸಲು ನೀರು ಹೆಚ್ಚು ಮಾಡಬಾರದು. ಕಲಸಿದ ಮೇಲೆ ಪಾತ್ರೆಯನ್ನು ತಣ್ಣೀರಿನಲ್ಲಿ ನಿಲ್ಲಿಸಿ ಆರಿಸಿ, ಮುಂಗೈ ಮೇಲೆ ಒಂದು ಹನಿ ಬಿಟ್ಟು ನೋಡಿ, ಒಳಲೆಯಲ್ಲಿ ಕುಡಿಸಿ. ಉಳಿದದ್ದು ಎರಡು ಗಂಟೆಯ ಮೇಲೆ ಬೇಡ. ಅಳತೆಯನ್ನು ದೊಡ್ಡ ಅಕ್ಷರದಲ್ಲಿ ಬರೆದು ಫ್ರಿಜ್ಜಿನ ಬಾಗಿಲಿಗೆ ಅಂಟಿಸಿ, ಜೊತೆಗೆ 108 ಮತ್ತು ಪಕ್ಕದ ಮನೆಯವರ ನಂಬರ್.